ಎಂಟು ಲೋಟ ನೀರು

ನಲ್ಲಿಯಲ್ಲಿ ನೀರು ಬಾರದಿದ್ದಾಗ ನೀರಿನ ವಿಚಾರ ಬರೆಯುವವರು ಬಹಳ ಮಂದಿ. ನಾನು ಬರೆಯಹೊರಟಿರುವುದು ನೀರು ಎದುರಿಗಿದ್ದೂ ಕುಡಿಯದವನ ವಿಚಾರ. ಆ ಮಹಾಶಯ ಬೇರೆ ಯಾರೂ ಅಲ್ಲ, ನಾನೇ.

ಮೂರು ವರ್ಷದ ಹಿಂದೆ ಒಂದು ನಡುರಾತ್ರಿ ಪಕ್ಕೆಯಲ್ಲಿ ನೋವು ಹುಟ್ಟಿ, ಬೆಳಗಾಗುವುದರೊಳಗೆ ಮನೆಯವರನ್ನೆಲ್ಲ ಎಬ್ಬಿಸಿಬಿಟ್ಟೆ. ವೈದ್ಯರು ಚಿತ್ರ ತೆಗೆಸಿ, ಮೂತ್ರಪಿಂಡದಿಂದ ಜಾರಿ ಬಂದಿದ್ದ ಹೆಸರುಕಾಳಿನಷ್ಟು ದೊಡ್ಡ ಕಲ್ಲೊಂದನ್ನು ತೋರಿಸಿದರು. “ದಿನಕ್ಕೆ ನೀರು ಎಷ್ಟು ಕುಡಿಯುತ್ತೀರಿ?” ಎಂದು ಕೇಳಿದರು. “ಬೇಕಾದಷ್ಟು” ಎಂದೆ. “ಬೇಕಾದಷ್ಟು ಎಂದರೆ?” ಎಂದು ಅವರು ಬಿಡಲಿಲ್ಲ. ಬೆರಳು ಮಡಿಸಿ ಎಣಿಸಿದೆ. ಮಾತ್ರೆಯ ಜೊತೆ ಒಂದು ಗುಟುಕು, ಊಟದಲ್ಲಿ ಒಂದು ಲೋಟ, ರಾತ್ರಿ ಇನ್ನೊಂದು. ಮೂರನೆಯ ಬೆರಳಿನಾಚೆಗೆ ಲೆಕ್ಕ ಹೋಗಲಿಲ್ಲ. ಅವರು ಔಷಧಿಯ ಚೀಟಿಯ ಕೆಳಗೆ “ನೀರು” ಎಂದು ಬರೆದು ಎರಡು ಗೆರೆ ಎಳೆದರು.

ಮಗಳು ಗಂಟೆಗೊಂದು ಗುರುತು ಹಾಕಿದ ಸೀಸೆ ತಂದುಕೊಟ್ಟಳು. ಮೊಮ್ಮಗಳು ನನ್ನ ಫೋನಿನಲ್ಲಿ ಗಂಟೆಗೊಮ್ಮೆ ಕೂಗುವ ಏರ್ಪಾಡು ಮಾಡಿದಳು. ಒಂದು ವಾರ ಅದು ಕೂಗಿದಾಗಲೆಲ್ಲ ಕುಡಿದೆ. ಎರಡನೆಯ ವಾರ ಕೂಗಿದಾಗಲೆಲ್ಲ ಸಿಡುಕಿದೆ. ಮೂರನೆಯ ವಾರ ಅದರ ಬಾಯಿ ಮುಚ್ಚಿಸಿದೆ. ಚರಿತ್ರೆಯ ಪಾಠ ಹೇಳಿ ನಿವೃತ್ತನಾದವನಿಗೆ ಸೋತಾಗ ಹಿಡಿಯಲು ಒಂದು ದಾರಿ ಉಂಟು: ಈ ಕಟ್ಟಳೆ ಎಲ್ಲಿಂದ ಬಂತು ಎಂದು ವಿಚಾರಿಸುವುದು. ದಿನಕ್ಕೆ ಎಂಟು ಲೋಟ ನೀರು ಎನ್ನುತ್ತಾರಲ್ಲ, ಈ ಎಂಟನ್ನು ಎಣಿಸಿದವರು ಯಾರು?

ಮೂಲ ಹುಡುಕುತ್ತ ಹೋದವರೆಲ್ಲ ಸಾಮಾನ್ಯವಾಗಿ ಅಮೆರಿಕದ ಒಂದು ವರದಿಯ ಬಳಿ ನಿಲ್ಲುತ್ತಾರೆ. ಅಲ್ಲಿನ ರಾಷ್ಟ್ರೀಯ ಸಂಶೋಧನಾ ಪರಿಷತ್ತಿನ ಆಹಾರ ಮತ್ತು ಪೋಷಣ ಮಂಡಲಿ 1945ರಲ್ಲಿ, ವಯಸ್ಕನಿಗೆ ದಿನಕ್ಕೆ ಸುಮಾರು 2.5 ಲೀಟರ್ ನೀರು ತಕ್ಕದ್ದೆಂದು ಹೇಳಿತು. ತಿನ್ನುವ ಪ್ರತಿಯೊಂದು ಕ್ಯಾಲೊರಿಗೆ ಒಂದು ಮಿಲಿಲೀಟರ್ ಎಂಬುದು ಅದರ ಲೆಕ್ಕ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತಿತ್ತು: ಇದರಲ್ಲಿ ಬಹುಪಾಲು ನಾವು ಬೇಯಿಸಿ ತಿನ್ನುವ ಆಹಾರದಲ್ಲೇ ಅಡಗಿದೆ. ಜನ ಮೊದಲನೆಯ ಮಾತನ್ನು ಹಿಡಿದುಕೊಂಡರು, ಎರಡನೆಯದನ್ನು ಬಿಟ್ಟರು. ಎಂಟು ಔನ್ಸಿನ ಎಂಟು ಲೋಟ, ಎಂದರೆ ಸುಮಾರು 1.9 ಲೀಟರ್, ಬರಿಯ ನೀರಾಗಿಯೇ ಕುಡಿಯಬೇಕೆಂಬುದು ಕಾಲಕ್ರಮದಲ್ಲಿ ವೇದವಾಕ್ಯವಾಯಿತು. ಡಾರ್ಟ್‌ಮತ್ ವೈದ್ಯಶಾಲೆಯ ಹೈಂಜ್ ವಾಲ್ಟಿನ್ ಎಂಬ ಶರೀರಶಾಸ್ತ್ರಜ್ಞರು 2002ರಲ್ಲಿ ಈ ಎಂಟರ ಬೆನ್ನು ಹತ್ತಿ, ಸಮಶೀತೋಷ್ಣ ಹವೆಯಲ್ಲಿ ಹೆಚ್ಚು ಓಡಾಟವಿಲ್ಲದೆ ಇರುವ ಆರೋಗ್ಯವಂತ ವಯಸ್ಕರಿಗೆ ಇದು ಅಗತ್ಯವೆಂಬುದಕ್ಕೆ ವೈಜ್ಞಾನಿಕ ಆಧಾರ ಕಾಣಲಿಲ್ಲವೆಂದು ಬರೆದರು.

ಇದನ್ನು ಓದಿ ನನಗೆ ಎಷ್ಟು ಸಂತೋಷವಾಯಿತೆಂದು ವಾಚಕರು ಊಹಿಸಬಹುದು. ನಮ್ಮ ಅನ್ನದ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನೀರೇ. ಅದರ ಮೇಲೆ ಸಾರು, ಆಮೇಲೆ ಮಜ್ಜಿಗೆ. ಸಾರನ್ನ ಉಣ್ಣುವವನು ಅರ್ಧ ನೀರು ಕುಡಿದಂತೆಯೇ ಎಂದು ಮಗಳ ಮುಂದೆ ವಾದಿಸಿದೆ. “ಹಾಗಾದರೆ ಕಲ್ಲು ಎಲ್ಲಿಂದ ಬಂತು?” ಎಂದಳು. ವಾದ ಅಲ್ಲಿಗೆ ನಿಂತಿತು, ಓದು ನಿಲ್ಲಲಿಲ್ಲ.

ನಮ್ಮ ಹಿರಿಯರಾದರೂ ಒಮ್ಮತದಿಂದ ಇದ್ದರೇ ಎಂದು ನೋಡಿದರೆ, ಅದೂ ಇಲ್ಲ. ವಾಗ್ಭಟನ ಅಷ್ಟಾಂಗಹೃದಯದಲ್ಲಿ, ಶರತ್ತು ಮತ್ತು ಬೇಸಗೆಯನ್ನು ಬಿಟ್ಟರೆ ಆರೋಗ್ಯವಂತನೂ ನೀರನ್ನು ಮಿತವಾಗಿಯೇ ಕುಡಿಯಬೇಕೆಂಬ ಉಪದೇಶವಿದೆ. ಊಟದ ಮೊದಲು ಕುಡಿದವನು ಕೃಶನಾಗುತ್ತಾನೆ, ನಡುವೆ ಕುಡಿದವನು ಸಮನಾಗಿರುತ್ತಾನೆ, ಕೊನೆಗೆ ಕುಡಿದವನು ದಪ್ಪನಾಗುತ್ತಾನೆ ಎಂದೂ ಆತ ಹೇಳುತ್ತಾನೆ. ಎಷ್ಟೋ ಶತಮಾನ ಕಳೆದು ಬಂದ ಭಾವಮಿಶ್ರನ ಭಾವಪ್ರಕಾಶದಲ್ಲಾದರೋ ಉಷಃಪಾನದ ಪ್ರಶಂಸೆ ಇದೆ: ಸೂರ್ಯೋದಯದ ಹೊತ್ತಿಗೆ ಎಂಟು ಪ್ರಸೃತಿ ನೀರು. ಪ್ರಸೃತಿಯೆಂದರೆ ಒಂದು ಅಂಗೈಯನ್ನು ಕುಳಿ ಮಾಡಿ ಹಿಡಿದಷ್ಟು. ಇಲ್ಲಿಯೂ ಎಂಟೇ ಬಂದಿರುವುದನ್ನು ಕಂಡು ನನಗೆ ನಗು ಬಂತು. ಎರಡು ಎಂಟುಗಳಿಗೂ ಸಂಬಂಧವಿಲ್ಲ. ಮನುಷ್ಯನಿಗೆ ಎಣಿಸಲು ಸುಲಭವಾದ ಸಂಖ್ಯೆಗಳ ಮೇಲೆ ಎಲ್ಲ ಕಾಲದಲ್ಲೂ ಪ್ರೀತಿ ಹೆಚ್ಚು, ಅಷ್ಟೆ.

ನುಂಗಿದ ನೀರು ಎಲ್ಲಿಗೆ ಹೋಗುತ್ತದೆಂದು ತೂಗಿ ನೋಡುವ ಹಟ ಹಿಡಿದವನು ಇಟಲಿಯ ಪಾದುವದ ವೈದ್ಯ ಸಾಂತೋರಿಯೊ. ದೊಡ್ಡ ತಕ್ಕಡಿಯೊಂದಕ್ಕೆ ಕುರ್ಚಿ ತೂಗುಹಾಕಿ, ಅದರಲ್ಲಿ ತಾನೇ ಕುಳಿತು, ತಿಂದದ್ದು, ಕುಡಿದದ್ದು, ವಿಸರ್ಜಿಸಿದ್ದು ಎಲ್ಲವನ್ನೂ ವರ್ಷಗಟ್ಟಲೆ ತೂಗಿದ. 1614ರಲ್ಲಿ ಪ್ರಕಟವಾದ ಅವನ ಗ್ರಂಥದ ಪ್ರಕಾರ, ದಿನಕ್ಕೆ ಎಂಟು ಪೌಂಡು ಅನ್ನಪಾನ ಒಳಗೆ ಹೋದರೆ ಅದರಲ್ಲಿ ಐದು ಪೌಂಡಿನಷ್ಟು ಕಣ್ಣಿಗೆ ಕಾಣದಂತೆ ಚರ್ಮದಿಂದಲೂ ಉಸಿರಿನಿಂದಲೂ ಆವಿಯಾಗಿ ಹೋಗುತ್ತದೆ. ಅಂಕಿ ಇಂದಿನ ಲೆಕ್ಕಕ್ಕೆ ಸರಿಹೊಂದುವುದಿಲ್ಲ. ಆದರೆ ನಾವು ಸುಮ್ಮನೆ ಕುಳಿತಾಗಲೂ ಒಣಗುತ್ತಲೇ ಇರುತ್ತೇವೆ ಎಂಬ ಸತ್ಯವನ್ನು ತಕ್ಕಡಿಗೆ ಏರಿಸಿದವನು ಅವನೇ.

ಇದೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೆಯ ಮಹಾಯುದ್ಧದ ಕಾಲದ ಒಂದು ಪ್ರಸಂಗ. ಮರಳುಗಾಡಿನಲ್ಲಿ ಕಾದಬೇಕಾದ ಸಿಪಾಯಿಗಳಿಗೆ ಕಡಿಮೆ ನೀರಿನಲ್ಲಿ ಇರುವುದನ್ನು ಕಲಿಸಬಹುದೆಂದು ಸೇನೆಗಳಲ್ಲಿ ನಂಬಿಕೆ ಇತ್ತು. ದಿನದಿನಕ್ಕೆ ಪಾಲನ್ನು ಇಳಿಸುತ್ತ ಬಂದರೆ ದೇಹ ಒಗ್ಗಿಕೊಳ್ಳುತ್ತದೆ ಎಂಬುದು ಅದರ ತರ್ಕ. ಇದಕ್ಕೆ ಶಿಸ್ತು ಎಂಬ ದೊಡ್ಡ ಹೆಸರೂ ಇತ್ತು. ರಾಚೆಸ್ಟರ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಅಡಾಲ್ಫ್ ಮತ್ತು ಅವರ ಸಂಗಡಿಗರು ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಸೈನಿಕರೊಡನೆ ನಡೆದು, ತೂಗಿ, ಅಳೆದು ನೋಡಿದರು. 1947ರಲ್ಲಿ ಅವರ ಪುಸ್ತಕ ಬಂತು. ತೀರ್ಮಾನ ಸ್ಪಷ್ಟ: ಕಡಿಮೆ ನೀರಿಗೆ ದೇಹ ಒಗ್ಗುವುದಿಲ್ಲ. ಕುಡಿಯಲಿ ಬಿಡಲಿ, ಬಿಸಿಲಿನಲ್ಲಿ ಬೆವರು ಹೆಚ್ಚುಕಡಿಮೆ ಅಷ್ಟೇ ಸುರಿಯುತ್ತದೆ. ಶಿಸ್ತಿನಿಂದ ಉಳಿಸಿದ್ದು ನೀರನ್ನಲ್ಲ, ಕಳೆದುಕೊಂಡದ್ದು ಶಕ್ತಿಯನ್ನು.

ಅವರು ಇನ್ನೊಂದು ಸಂಗತಿಯನ್ನೂ ಕಂಡರು. ಬೇಕಾದಷ್ಟು ನೀರು ಜೊತೆಗಿದ್ದರೂ, ಬಿಸಿಲಿನಲ್ಲಿ ನಡೆಯುವವನು ಬೆವರಿನಲ್ಲಿ ಕಳೆದುಕೊಂಡದ್ದಕ್ಕಿಂತ ಕಡಿಮೆಯೇ ಕುಡಿಯುತ್ತಾನೆ. ಬಾಯಾರಿಕೆ ಬೇಗ ತೃಪ್ತಿಗೊಳ್ಳುತ್ತದೆ. ಕೊರತೆ ತುಂಬುವುದು ಆಮೇಲೆ, ನೆರಳಿನಲ್ಲಿ ಕುಳಿತು ಉಣ್ಣುವ ಹೊತ್ತಿಗೆ.

ಇದನ್ನು ಓದುತ್ತಿದ್ದ ಮಧ್ಯಾಹ್ನ ನನಗೆ ತಾಯಿಯ ನೆನಪು ಬಂತು. ಅವಳೂ ಒಬ್ಬ ಸಿಪಾಯಿಯೇ. ಹೆಂಚಿನ ಮಾಡಿನ ಪ್ರಾಥಮಿಕ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದಳು. ಆ ಶಾಲೆಗೆ ಗಂಟೆ ಇತ್ತು, ಭೂಪಟ ಇತ್ತು, ಒಂದು ಮುರುಕು ಹಾರ್ಮೋನಿಯಂ ಕೂಡ ಇತ್ತು. ಹೆಂಗಸರು ಹೋಗಬಹುದಾದ ಒಂದು ಮರೆ ಮಾತ್ರ ಇರಲಿಲ್ಲ. ಬೆಳಗ್ಗೆ ಅರ್ಧ ಲೋಟ ಕಾಫಿ ಕುಡಿದು ಹೊರಟರೆ, ಸಂಜೆ ಐದಕ್ಕೆ ಮನೆಗೆ ಬರುವ ತನಕ ಒಂದು ತೊಟ್ಟು ನೀರು ಮುಟ್ಟುತ್ತಿರಲಿಲ್ಲ. ದಿನವಿಡೀ ಮಗ್ಗಿ ಹೇಳಿಸಿ ಗಂಟಲು ಕಟ್ಟಿರುತ್ತಿತ್ತು. “ನನಗೆ ನೀರು ಬೇಡವೇ ಬೇಡ, ಅಭ್ಯಾಸವಾಗಿಬಿಟ್ಟಿದೆ” ಎನ್ನುತ್ತಿದ್ದಳು. ಅದನ್ನು ನಾವು ಅವಳ ಒಂದು ಗುಣವೆಂದೇ ತಿಳಿದಿದ್ದೆವು. ಬಸ್ಸು ಹತ್ತುವ ಮುನ್ನ, ಮದುವೆಗೆ ಹೊರಡುವ ಮುನ್ನ, “ನೀರು ಕುಡಿಯಬೇಡ, ದಾರಿಯಲ್ಲಿ ತೊಂದರೆ” ಎಂದು ನಮ್ಮ ಕೈಯ ಲೋಟ ಇಳಿಸುತ್ತಿದ್ದಳು. ಅವಳು ನನಗೆ ಕಲಿಸಿದ ಅನೇಕ ಒಳ್ಳೆಯ ಪಾಠಗಳ ನಡುವೆ ಇದೂ ಒಂದಾಗಿ ಸೇರಿಕೊಂಡಿತು. ಐವತ್ತರ ಸುಮಾರಿಗೆ ಅವಳಿಗೂ ಪಕ್ಕೆಯ ನೋವು ಬಂತು. ವಾಯು ಎಂದು ಇಂಗು ಅರೆದು ಕೊಟ್ಟೆವು. ಅದು ಏನಿದ್ದೀತೆಂದು ನನಗೆ ಹೊಳೆದದ್ದು, ನನ್ನದೇ ಚಿತ್ರದಲ್ಲಿ ಆ ಹೆಸರುಕಾಳನ್ನು ಕಂಡ ದಿನ.

ಹಾಗಾದರೆ ಕುಡಿಯುವ ಅಭ್ಯಾಸ ಹಿಂದೆ ಎಲ್ಲಿತ್ತು? ಎಣಿಕೆಯಲ್ಲಿ ಇರಲಿಲ್ಲ, ಏರ್ಪಾಡಿನಲ್ಲಿ ಇತ್ತು. ಬಿಸಿಲಿನಲ್ಲಿ ಬಂದವನಿಗೆ ಮಾತಿಗೆ ಮೊದಲು ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಅವನು ಬಾಯಾರಿಕೆ ಎಂದು ಹೇಳಬೇಕಾಗಿರಲಿಲ್ಲ. ದಾರಿಯಲ್ಲಿ ಅರವಟ್ಟಿಗೆ. ನಮ್ಮ ಶಾಸನಗಳಲ್ಲಿ ದೇವರ ದೀಪಕ್ಕೆ, ಕೆರೆಗೆ ಭೂಮಿ ಬಿಟ್ಟಂತೆ ಅರವಂಟಿಗೆಗೂ ದತ್ತಿ ಬಿಟ್ಟದ್ದು ಕಾಣುತ್ತದೆ. ದಾರಿಹೋಕನ ಬಾಯಾರಿಕೆ ಅವನೊಬ್ಬನ ಚಿಂತೆಯಲ್ಲ, ಊರಿನ ಚಿಂತೆ ಎಂದು ತಿಳಿದಿದ್ದ ಕಾಲ ಅದು. ರಾಮನವಮಿಯ ಪಾನಕ, ನೀರುಮಜ್ಜಿಗೆಗಳಲ್ಲಿ ಅದರ ಒಂದು ಎಳೆ ಇಂದಿಗೂ ಉಳಿದಿದೆ.

ಆದರೆ ಆ ಕಾಲವನ್ನು ಬರಿದೆ ಹೊಗಳುವುದು ಚರಿತ್ರೆಯಾಗುವುದಿಲ್ಲ. ಎಲ್ಲರಿಗೂ ಚೊಂಬು ಕೈಗೆ ಸಿಕ್ಕುತ್ತಿರಲಿಲ್ಲ. ಕೆಲವರಿಗೆ ಎತ್ತರದಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಹೊಯ್ಯುವವರು ಬರುವ ತನಕ ಬಾವಿಯ ಬಳಿ ಕಾದು ನಿಲ್ಲುವುದೇ ಅವರ ಪಾಲಿಗಿತ್ತು. ಸಾರ್ವಜನಿಕ ಕೆರೆಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ವಿಧಾನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿದ್ದರೂ, ಮಹಾಡಿನ ಚವದಾರ್ ಕೆರೆಯ ಮೆಟ್ಟಲಿಳಿದು ಡಾಕ್ಟರ್ ಅಂಬೇಡ್ಕರ್ ಅವರೂ ಸಾವಿರಾರು ಮಂದಿಯೂ 1927ರ ಮಾರ್ಚ್ 20ರಂದು ಬೊಗಸೆ ನೀರು ಕುಡಿದಾಗ ಅವರ ಮೇಲೆ ಹಲ್ಲೆ ನಡೆಯಿತು. ಆ ಕೆರೆಯ ವ್ಯಾಜ್ಯ ಮುಂಬಯಿ ಹೈಕೋರ್ಟಿನಲ್ಲಿ ಅವರ ಪರವಾಗಿ ತೀರಿದ್ದು 1937ರಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷ. ದಾಹ ದೇಹಕ್ಕೆ ಸೇರಿದ್ದಾದರೂ ನೀರು ಸಮಾಜದ ಕೈಯಲ್ಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನನ್ನ ತಾಯಿಯ ಶಾಲೆಯ ಮಡಕೆಯಲ್ಲಿ ನೀರು ತುಂಬಿಯೇ ಇರುತ್ತಿತ್ತು, ಅವಳಿಗೆ ದಕ್ಕಲಿಲ್ಲ.

ದಾಹವನ್ನೇ ನಂಬಿ ಕುಳಿತರೆ ಸಾಲದೆ? ಹರೆಯದಲ್ಲಿ ಬಹುಮಟ್ಟಿಗೆ ಸಾಕು. 1950ರ ದಶಕದ ಮೊದಲಲ್ಲಿ ಸ್ವೀಡನ್ನಿನ ಬೆಂಗ್ಟ್ ಆಂಡರ್ಸನ್ ಎಂಬ ವಿಜ್ಞಾನಿ, ಮೇಕೆಗಳ ಮಿದುಳಿನ ಒಳಗೆ ಒಂದು ನಿರ್ದಿಷ್ಟ ಜಾಗಕ್ಕೆ ತುಸು ಉಪ್ಪುನೀರು ಚುಚ್ಚಿದ. ಹೊಟ್ಟೆತುಂಬ ನೀರಿದ್ದ ಮೇಕೆಗಳೂ ಲೀಟರುಗಟ್ಟಲೆ ಕುಡಿದವು. ರಕ್ತ ತುಸು ಉಪ್ಪಾದರೂ ಎಚ್ಚರಿಸುವ ಕಾವಲುಗಾರ ತಲೆಯೊಳಗೇ ಇದ್ದಾನೆ ಎಂದಾಯಿತು. ಆದರೆ ಕಾವಲುಗಾರನಿಗೂ ವಯಸ್ಸಾಗುತ್ತದೆ. 1984ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಏಳು ಮಂದಿ ಆರೋಗ್ಯವಂತ ಮುದುಕರನ್ನೂ ಏಳು ಮಂದಿ ಯುವಕರನ್ನೂ 24 ಗಂಟೆ ನೀರಿಲ್ಲದೆ ಇರಿಸಿ, ಆಮೇಲೆ ಮುಂದೆ ನೀರಿಟ್ಟರು. ಹೆಚ್ಚು ಬಾಯಾರಬೇಕಾಗಿದ್ದ ಮುದುಕರೇ ಕಡಿಮೆ ಬಾಯಾರಿದರು, ಕಡಿಮೆ ಕುಡಿದರು. ನನ್ನ “ಬೇಕಾದಷ್ಟು” ಎಂಬ ಉತ್ತರದ ಬೆಲೆ ಏನೆಂದು ಆಗ ತಿಳಿಯಿತು.

ಕಲ್ಲಿನ ವಿಷಯದಲ್ಲಿ ಮಗಳ ಪಕ್ಷಕ್ಕೇ ಜಯ. ಇಟಲಿಯ ಪಾರ್ಮದ ವೈದ್ಯರು ಮೊದಲ ಸಲ ಕಲ್ಲಾದ 199 ರೋಗಿಗಳನ್ನು ಎರಡು ಗುಂಪು ಮಾಡಿ ಐದು ವರ್ಷ ಗಮನಿಸಿ 1996ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚು ನೀರು ಕುಡಿಯಲು ಹೇಳಿದ 99 ಮಂದಿಯಲ್ಲಿ 12 ಜನಕ್ಕೆ ಮತ್ತೆ ಕಲ್ಲಾಯಿತು. ಹಾಗೇ ಬಿಟ್ಟ 100 ಮಂದಿಯಲ್ಲಿ 27 ಜನಕ್ಕೆ. ಎಂಟು ಲೋಟ ಎಲ್ಲರಿಗೂ ಶಾಸ್ತ್ರವಲ್ಲದಿರಬಹುದು. ಕಲ್ಲು ಕಂಡವನಿಗೆ ನೀರು ಔಷಧಿಯೇ. ಆದರೆ ಔಷಧಿಗೂ ಮಿತಿಯುಂಟು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಯ ರಕ್ತದಲ್ಲಿ ಸೋಡಿಯಂ ಇಳಿದಿತ್ತು. ಓಟದ ನಡುವೆ ಅತಿಯಾಗಿ ಕುಡಿದದ್ದೇ ಅದಕ್ಕೆ ಮುಖ್ಯ ಕಾರಣ. ಹೃದಯ, ಮೂತ್ರಪಿಂಡ ದುರ್ಬಲವಾದವರು ವೈದ್ಯರನ್ನು ಕೇಳದೆ ನನ್ನ ಲೇಖನ ನಂಬಿ ಚೊಂಬು ಎತ್ತಬಾರದು.

ಇಷ್ಟು ಓದಿದ ಮೇಲೆ ನಾನು ಎಣಿಸುವುದನ್ನು ಬಿಟ್ಟೆ, ಏರ್ಪಾಡು ಮಾಡಿಕೊಂಡೆ. ಅಟ್ಟದ ಮೇಲಿದ್ದ ತಾಯಿಯ ಹಿತ್ತಾಳೆ ಚೊಂಬನ್ನು ಇಳಿಸಿ, ಹುಳಿ ಹಚ್ಚಿ ತಿಕ್ಕಿ, ಮೇಜಿನ ಮೇಲೆ ಕೈಗೆ ತಾಗುವಂತೆ ಇಟ್ಟಿದ್ದೇನೆ. ಎದ್ದ ಕೂಡಲೇ ಒಂದಷ್ಟು. ಪತ್ರಿಕೆ ಮಡಿಸಿಟ್ಟಾಗ ಒಂದಷ್ಟು. ಹೊರಗಿನಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ ನನಗೆ ನಾನೇ ಅತಿಥಿ ಎಂದುಕೊಂಡು ಇನ್ನಷ್ಟು. ಮನೆಗೆ ಬಂದವರಿಗೆ ಕೇಳದೆ ನೀರು ಕೊಡುತ್ತೇನೆ. ಅವರ ಜೊತೆ ನಾನೂ ಕುಡಿಯುತ್ತೇನೆ. ಚೊಂಬು ಮಧ್ಯಾಹ್ನಕ್ಕೊಮ್ಮೆ, ಸಂಜೆಗೊಮ್ಮೆ ಬರಿದಾಗುತ್ತದೆ. ಹಳೆಯ ಕೆಲಸದ ಬಾಲಕ್ಕೆ ಹೊಸ ಕೆಲಸವನ್ನು ಕಟ್ಟಿದರೆ ಅದು ತಾನಾಗಿ ಹಿಂದೆ ಬರುತ್ತದೆ. ಫೋನು ಕೂಗಬೇಕಾಗಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಕಳೆದ ತಿಂಗಳು ಮೊಮ್ಮಗಳ ಶಾಲೆಯ ಚೀಲದಿಂದ ನೀರಿನ ಸೀಸೆ ತೆಗೆದಾಗ ಅದು ಬೆಳಗ್ಗೆ ತುಂಬಿದಂತೆಯೇ ಇತ್ತು. ನನಗೆ ಪಾಠ ಹೇಳಿದ ಹುಡುಗಿ ತಾನೇ ಏಕೆ ಕುಡಿಯಲಿಲ್ಲವೆಂದು ಗದರಿದೆ. ಅವಳು ತಲೆ ತಗ್ಗಿಸಿ, “ಅಲ್ಲಿ ಬಚ್ಚಲು ಕೊಳಕು ತಾತ, ಬಾಗಿಲಿಗೆ ಅಗುಳಿಯೂ ಇಲ್ಲ. ನನಗೆ ಅಭ್ಯಾಸವಾಗಿದೆ” ಎಂದಳು.

ನನ್ನ ತಾಯಿಯ ಮಾತು, ಅದೇ ಧ್ವನಿಯಲ್ಲಿ! ಮಾರನೆಯ ದಿನ ಬೆಳಗ್ಗೆ ಒಂದು ಚೊಂಬು ನೀರು ಕುಡಿದು, ಮುಖ್ಯೋಪಾಧ್ಯಾಯರನ್ನು ನೋಡಲು ಹೊರಟೆ. ಒಂದು ಅಗುಳಿಗಾಗಿ ಈ ತನಕ ಮೂರು ಸಲ ಹೋಗಿಬಂದಿದ್ದೇನೆ. ನಾಳೆ ನಾಲ್ಕನೆಯದು.