ಗೋಡೆಯ ಬಿರುಕಿಗೆ ಪುಟ್ಟಿ ಹಚ್ಚಿದರೆ ಸಾಕೇ?

ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸುವಾಗ ಬಿರುಕುಗಳಿಗೆ ಪುಟ್ಟಿ ಬಳಿಯುತ್ತೇವೆ. ಮುಂದಿನ ವರ್ಷ ಅದೇ ಜಾಗದಲ್ಲಿ ಅದೇ ಗೆರೆ ಮತ್ತೆ ಕಾಣುತ್ತದೆ. ಹೆಚ್ಚಿನ ಸಲ ತಪ್ಪು ಪುಟ್ಟಿಯದಲ್ಲ, ಬಿರುಕು ಯಾಕೆ ಬಂತೆಂದು ನೋಡದೆ ಮುಚ್ಚಿದ್ದೇ ತಪ್ಪು.

ಬಿರುಕಿನ ಆಕಾರ ಏನು ಹೇಳುತ್ತದೆ?

- ಬಲೆಯಂತೆ ಹರಡಿದ ಕೂದಲೆಳೆ ಗೆರೆಗಳು: ಗಾರೆ ಒಣಗುವಾಗ ಕುಗ್ಗಿದ್ದರಿಂದ ಬಂದವು. ಅಪಾಯವಿಲ್ಲ.
- ಪಿಲ್ಲರ್ ಮತ್ತು ಇಟ್ಟಿಗೆ ಗೋಡೆ ಸೇರುವಲ್ಲಿ ನೇರ ಗೆರೆ: ಕಾಂಕ್ರೀಟ್ ಮತ್ತು ಇಟ್ಟಿಗೆ ಬಿಸಿಲಿಗೂ ತೇವಕ್ಕೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದಿಲ್ಲ.
- ತಾರಸಿಯ ಕೆಳಗೆ ಅಡ್ಡ ಗೆರೆ: ಹಗಲು ಕಾದ ತಾರಸಿ ಹಿಗ್ಗಿ ಗೋಡೆಯನ್ನು ತಳ್ಳುತ್ತದೆ.
- ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಅಥವಾ ಮೆಟ್ಟಿಲಿನಂತೆ ಸಾಗುವ ಬಿರುಕು: ತಳಪಾಯ ಒಂದು ಕಡೆ ಕುಸಿಯುತ್ತಿರಬಹುದು. ಕೋಲಾರದ ಕೆಂಪು ಮಣ್ಣು ಕಪ್ಪು ಮಣ್ಣಿನಷ್ಟು ಉಬ್ಬುವುದಿಲ್ಲ. ಆದರೆ ಮಣ್ಣು ತುಂಬಿಸಿ ಎತ್ತರಿಸಿದ ಜಾಗದಲ್ಲಿ, ಪೈಪು ಸೋರುವ ಕಡೆ ಹೀಗಾಗುತ್ತದೆ.

ಬಿರುಕಿನ ಎರಡು ತುದಿಗೂ ಪೆನ್ಸಿಲಿನಿಂದ ಗುರುತು ಹಾಕಿ, ದಿನಾಂಕ ಬರೆಯಿರಿ. ಎರಡು-ಮೂರು ತಿಂಗಳಲ್ಲಿ ಗೆರೆ ಗುರುತು ದಾಟಿದ್ದರೆ ಅದು ಇನ್ನೂ ಬೆಳೆಯುತ್ತಿದೆ. ಬೆಳೆಯುತ್ತಿರುವ, 5 ಮಿ.ಮೀ.ಗಿಂತ ಅಗಲವಾದ ಅಥವಾ ಗೋಡೆಯ ಆಚೆ ಬದಿಯಲ್ಲೂ ಕಾಣುವ ಬಿರುಕಿಗೆ ಎಂಜಿನಿಯರ್ ಬೇಕು, ಪುಟ್ಟಿಯಲ್ಲ.

ಬೆಳೆಯದ ಬಿರುಕನ್ನು ಮುಚ್ಚುವುದು ಹೇಗೆ?

1. ಬಿರುಕನ್ನು ಉಳಿಯಿಂದ 'ವಿ' ಆಕಾರಕ್ಕೆ ಅಗಲಿಸಿ. ಸಡಿಲ ಗಾರೆ, ದೂಳು ತೆಗೆಯಿರಿ.
2. ನೀರು ಚಿಮುಕಿಸಿ. ಮಾಲೂರಿನ ಗೂಡುಗಳಿಂದ ಬರುವಂಥ ಸುಟ್ಟ ಇಟ್ಟಿಗೆ ನೀರು ಹೀರುತ್ತದೆ. ಒಣ ಗೋಡೆಗೆ ಹಾಕಿದ ಗಾರೆಯಿಂದ ಅದು ನೀರೆಳೆದುಕೊಂಡರೆ ಸಿಮೆಂಟ್ ಗಟ್ಟಿಯಾಗದೆ ಉದುರುತ್ತದೆ.
3. ಆಳವಾದ ತೂತು, ಅಗಲ ಬಿರುಕಿಗೆ ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಜರಡಿ ಹಿಡಿದ ಮರಳು ಕಲಸಿ ತುಂಬಿ, ಏಳು ದಿನ ನೀರುಣಿಸಿ. ಮೊಳೆ ತೂತಿಗೆ ಪುಟ್ಟಿಯೇ ಸಾಕು.
4. ಪಿಲ್ಲರ್ ಪಕ್ಕದ ಗೆರೆಗೆ ಗಾರೆಯ ಒಳಗೆ ಜಾಲರಿ ಹಾಕಿಸಿ. ತಾರಸಿ ಕೆಳಗಿನ ಗೆರೆಗೆ ರಬ್ಬರಿನಂತೆ ಹಿಗ್ಗುವ ಸೀಲಂಟ್ ತುಂಬಿ.
5. ಪುಟ್ಟಿಯನ್ನು ತೆಳುವಾಗಿ ಎರಡು ಸಲ ಹಚ್ಚಿ. ದಪ್ಪಗೆ ಹಚ್ಚಿದರೆ ಅದೇ ಬಿರುಕು ಬಿಡುತ್ತದೆ.

ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ಗಟ್ಟಿಯೇ?

ಇಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಹಳೆಯ ಮಣ್ಣಿನ ಗೋಡೆಗಳು ಇನ್ನೂ ಇವೆ. ಮಣ್ಣು ತೇವ ಹೀರಿ ಬಿಡುತ್ತಾ ಉಸಿರಾಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗೋಡೆ ಮೆತ್ತಗಾಗುತ್ತದೆ, ಹೊರಗೆ ಮಾತ್ರ ಗಟ್ಟಿಯಾಗಿ ಕಾಣುತ್ತದೆ. 2021ರ ನವೆಂಬರ್ ಮಳೆಗೆ ಜಿಲ್ಲೆಯಲ್ಲಿ ಅನೇಕ ಮನೆಗಳ ಗೋಡೆ ಕುಸಿದಿದ್ದವು. ಇಂಥ ಗೋಡೆಗೆ ಅದೇ ಮಣ್ಣು, ಹುಲ್ಲಿನ ಚೂರು, ಸ್ವಲ್ಪ ಸುಣ್ಣ ಕಲಸಿದ ಗಾರೆಯೇ ಹೊಂದುತ್ತದೆ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು ಅದಕ್ಕಿಂತ ಮುಖ್ಯ.

ದೂಳಿನ ಬಗ್ಗೆ ಎಚ್ಚರ

ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಎನಾಮಲ್ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು, ಅದು ಮಕ್ಕಳ ಮಿದುಳಿಗೆ ಹಾನಿಕರ. ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ. ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ಉಜ್ಜಿ. ಮಕ್ಕಳು, ಗರ್ಭಿಣಿಯರು ಆ ಕೋಣೆಯಿಂದ ದೂರವಿರಲಿ. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ.