ಪರದೇಶದೊಡನೆ ಸಂಭಾಷಣೆ

ಶಬ್ದವು ಆಕಾಶದ ಗುಣವೆಂದು ನಮ್ಮ ನೈಯಾಯಿಕರು ನಿರ್ಣಯಿಸಿದರು. ಒಂದೆಡೆ ಹುಟ್ಟಿದ ಶಬ್ದವು ಕೇಳುವವನ ಕಿವಿಯನ್ನು ಸೇರುವ ಬಗೆಯನ್ನು ಅವರು ಎರಡು ನ್ಯಾಯಗಳಿಂದ ವಿವರಿಸುತ್ತಾರೆ. ಕೊಳದಲ್ಲಿ ಒಂದು ಅಲೆಯು ಮತ್ತೊಂದು ಅಲೆಯನ್ನು ಹುಟ್ಟಿಸುತ್ತ ದಡಕ್ಕೆ ಬರುವಂತೆ ಎಂಬುದು ವೀಚೀತರಂಗ ನ್ಯಾಯ. ಕದಂಬದ ಮೊಗ್ಗಿನಿಂದ ಕೇಸರಗಳು ಎಲ್ಲ ದಿಕ್ಕಿಗೂ ಒಮ್ಮೆಗೇ ಹೊಮ್ಮುವಂತೆ ಎಂಬುದು ಕದಂಬಮುಕುಲ ನ್ಯಾಯ. ಇವುಗಳಲ್ಲಿ ಯಾವುದನ್ನು ಹಿಡಿದರೂ, ಶಬ್ದವು ಮುಂದೆ ಹೋದಂತೆಲ್ಲ ಕ್ಷೀಣಿಸಿ ಕಡೆಗೆ ಅಡಗುವುದೆಂಬುದು ಅನುಭವಸಿದ್ಧ. ಹೊಲದ ಈ ಬದುವಿನಿಂದ ಕೂಗಿದ ಕೂಗು ಆ ಬದುವನ್ನು ಮುಟ್ಟೀತು. ಊರಾಚೆಯ ಹೊಳೆಯನ್ನು ದಾಟಲಾರದು. ಆದುದರಿಂದಲೇ ಪೂರ್ವಕಾಲದಲ್ಲಿ ದೂರದೇಶಕ್ಕೆ ಹೋದವರೊಡನೆ ಸಂದೇಶವುಂಟೇ ಹೊರತು ಸಂಭಾಷಣೆಯಿಲ್ಲ. ಹಂಸವಾಗಲಿ ಮೇಘವಾಗಲಿ ಓಲೆಕಾರನಾಗಲಿ ಒಬ್ಬರ ಮಾತನ್ನು ಒಯ್ಯಬಹುದು. ಆಡಿದ ಮಾತಿಗೆ ಆ ಕ್ಷಣವೇ ಮರುಮಾತನ್ನು ತರುವುದು ಯಾವ ದೂತನಿಗೂ ಸಾಧ್ಯವಿಲ್ಲ.

ಈ ಮರುಮಾತು ಸಮುದ್ರವನ್ನು ದಾಟಿದ ಚರಿತ್ರೆಯಲ್ಲಿ ಎರಡು ಧಾರೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಯಂತ್ರಕ್ಕೆ ಯಾವಾಗ ಏನು ಶಕ್ಯವಾಯಿತೆಂಬುದು ಒಂದು. ಸಾಮಾನ್ಯ ಗೃಹಸ್ಥನಿಗೆ ಅದು ಯಾವಾಗ ದೊರಕಿತೆಂಬುದು ಇನ್ನೊಂದು. ಇವೆರಡೂ ಒಂದೇ ಎಂದು ಎಣಿಸುವುದು ವಾಡಿಕೆ. ಆದರೆ ನಮ್ಮ ದೇಶದ ಮಟ್ಟಿಗೆ ಇವೆರಡರ ನಡುವೆ ಅರ್ಧಶತಮಾನಕ್ಕೂ ಮಿಕ್ಕಿದ ಅಂತರವಿದ್ದಿತು. ಅಂಗೈಯಗಲದ ಯಂತ್ರದಿಂದ ಪರದೇಶದ ಮಕ್ಕಳೊಡನೆ ದಿನವೂ ಮಾತನಾಡುವ ಇಂದಿನ ಮನೆಗಳಲ್ಲಿ ಆ ಅಂತರದ ನೆನಪು ಮಾಸುತ್ತಿರುವುದರಿಂದ ಅದನ್ನು ವಿಚಾರಿಸುವುದು ಉಚಿತವಾಗಿದೆ.

ದನಿಗಿಂತ ಮೊದಲು ಸಮುದ್ರವನ್ನು ದಾಟಿದುದು ತಂತಿಯ ಸುದ್ದಿ. 1866ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿಯು ಸ್ಥಿರವಾಗಿ ನೆಲೆಗೊಂಡಿತು. 1870ರಲ್ಲಿ ಮುಂಬಯಿಯು ಏಡನ್ ಮತ್ತು ಸುಯೆಜ್ ಮಾರ್ಗವಾಗಿ ಲಂಡನ್ನಿನೊಡನೆ ಸೇರಿತು. ಅದಾದ ಆರು ವರ್ಷಗಳಿಗೆ, 1876ರ ಮಾರ್ಚ್ ತಿಂಗಳಲ್ಲಿ, ಬಾಸ್ಟನ್ ನಗರದಲ್ಲಿ ಕಿವುಡರ ಉಪಾಧ್ಯಾಯನಾಗಿದ್ದ ಅಲೆಗ್ಸಾಂಡರ್ ಗ್ರಹಾಂ ಬೆಲ್ಲನು ಇನ್ನೊಂದು ಕೋಣೆಯಲ್ಲಿದ್ದ ತನ್ನ ಸಹಾಯಕನಾದ ವಾಟ್ಸನ್ನನನ್ನು ಯಂತ್ರದ ಮೂಲಕ ಕರೆದನು. 1882ರ ಹೊತ್ತಿಗೆ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ಟೆಲಿಫೋನು ಎಕ್ಸ್‌ಚೇಂಜುಗಳು ಪ್ರಾರಂಭವಾದುವು. 1891ರಲ್ಲಿ ಲಂಡನ್ ಮತ್ತು ಪ್ಯಾರಿಸ್ ನಗರಗಳು ಕಿರಿದಾದ ಇಂಗ್ಲಿಷ್ ಕಾಲುವೆಯ ಅಡಿಯಿಂದ ಮಾತನಾಡತೊಡಗಿದುವು. ಆದರೆ ಮಹಾಸಾಗರವು ಮಾತ್ರ ದನಿಗೆ ಅಗಮ್ಯವಾಗಿಯೇ ಉಳಿಯಿತು.

ತಂತಿಯ ಸುದ್ದಿ ಹೋದ ದಾರಿಯಲ್ಲಿ ದನಿಯು ಏಕೆ ಹೋಗಲಿಲ್ಲವೆಂದು ವಾಚಕರು ಕೇಳಬಹುದು. ತಂತಿಯದು ಹ್ರಸ್ವ ದೀರ್ಘಗಳ ಲೆಕ್ಕ. ದೂರದ ತಂತಿಯಲ್ಲಿ ಗುರುತುಗಳು ಒಂದರ ಮೇಲೊಂದು ಹರಡಿಕೊಂಡರೆ, ಅವನ್ನು ನಿಧಾನವಾಗಿ ಕಳುಹಿಸಿದರಾಯಿತು. ಮನುಷ್ಯನ ದನಿಯಾದರೋ ಸೆಕೆಂಡಿಗೆ ನೂರಾರು, ಸಾವಿರಾರು ಕಂಪನಗಳಿಂದ ಕೂಡಿದುದು, ಅದನ್ನು ನಿಧಾನಗೊಳಿಸಲಾಗದು. ಸಮುದ್ರದ ನೀಳವಾದ ತಂತಿಯಲ್ಲಿ ಆ ಕಂಪನಗಳು ಕಲಸಿ ಕುಗ್ಗಿಹೋಗುತ್ತಿದ್ದುವು. ನೆಲದ ಮೇಲಾದರೆ ದಾರಿಯುದ್ದಕ್ಕೂ ದನಿಯನ್ನು ವರ್ಧಿಸುವ ಯಂತ್ರಗಳನ್ನು ಇರಿಸಬಹುದು. ಹಾಗೆ ಇರಿಸಿದುದರಿಂದಲೇ 1915ರಲ್ಲಿ ನ್ಯೂಯಾರ್ಕ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೋ ನಗರಗಳ ನಡುವೆ ಮಾತು ನಡೆಯಿತು. ಸಮುದ್ರದ ತಳದಲ್ಲಿ ಅಂತಹ ಯಂತ್ರವನ್ನು ಇರಿಸಿ ಕಾಪಾಡುವ ಉಪಾಯವು ಆಗ ಯಾರಿಗೂ ತಿಳಿದಿರಲಿಲ್ಲ.

ನೀರು ಬಿಡದ ದಾರಿಯನ್ನು ಆಕಾಶವು ಬಿಟ್ಟಿತು. 1927ನೆಯ ಜನವರಿ 7ರಂದು ನ್ಯೂಯಾರ್ಕ್ ಮತ್ತು ಲಂಡನ್ನುಗಳ ನಡುವೆ ನಿಸ್ತಂತು ದೂರವಾಣಿಯು ಸಾರ್ವಜನಿಕರಿಗೆ ತೆರೆಯಿತು. ಮೂರು ನಿಮಿಷಗಳ ಮಾತಿಗೆ ಬೆಲೆ 15 ಪೌಂಡು, ಅಮೆರಿಕದ ನಾಣ್ಯದಲ್ಲಿ 75 ಡಾಲರು. ಅದೇ ವರ್ಷದ ಜುಲೈ 23ರಂದು ಪುಣೆಯ ಕಡೆಯ ಖಡಕಿ ಮತ್ತು ದೌಂಡ್ ಕೇಂದ್ರಗಳಿಂದ ಇಂಗ್ಲೆಂಡಿಗೆ ನಿಸ್ತಂತು ಸುದ್ದಿಯ ಮಾರ್ಗವನ್ನು ವೈಸರಾಯ್ ಲಾರ್ಡ್ ಇರ್ವಿನ್ನನು ಪ್ರಾರಂಭಿಸಿದನು. 1933ರಲ್ಲಿ ಇಂಡಿಯಾ ಮತ್ತು ಇಂಗ್ಲೆಂಡುಗಳ ನಡುವೆ ದನಿಯೇ ಹರಿಯತೊಡಗಿತು. ಈ ವರ್ಷವನ್ನು ವಾಚಕರು ಮನಸ್ಸಿನಲ್ಲಿಡಬೇಕು. ಯಂತ್ರದ ದೃಷ್ಟಿಯಿಂದ ನಮ್ಮ ದೇಶಕ್ಕೆ ಪರದೇಶದ ಸಂಭಾಷಣೆಯು ಶಕ್ಯವಾದುದು ಆಗ.

ಆ ಮಾರ್ಗದ ಗುಣದೋಷಗಳು ವಿಚಿತ್ರವಾದುವು. ಹ್ರಸ್ವತರಂಗಗಳು ಭೂಮಿಯ ಮೇಲಣ ವಿದ್ಯುದಾವರಣಕ್ಕೆ ತಗಲಿ ಬಾಗಿ ಮತ್ತೆ ಭೂಮಿಗೆ ಬರುತ್ತವೆ. ಆ ಆವರಣವಾದರೋ ಸೂರ್ಯನ ವಶ. ಹಗಲಿಗೊಂದು ತರಂಗ, ಇರುಳಿಗೊಂದು ತರಂಗವನ್ನು ಆರಿಸಿಕೊಳ್ಳಬೇಕು. ಸೂರ್ಯಬಿಂಬದಲ್ಲಿ ಕ್ಷೋಭೆಯಾದರೆ ಇಲ್ಲಿ ಮಾತು ನಿಲ್ಲುತ್ತದೆ. ದನಿಯು ಒಮ್ಮೆ ಏರಿ, ಒಮ್ಮೆ ಇಳಿದು, ಮತ್ತೊಮ್ಮೆ ಮೊರೆತದಲ್ಲಿ ಮುಳುಗುವುದು. ಮಾತನಾಡಬೇಕಾದವನು ಮುಂಚಿತವಾಗಿ ಹೆಸರು ಬರೆಸಿ, ಟ್ರಂಕ್ ಕಾಲ್ ಕೂಡಿಬರುವವರೆಗೆ ಕಾದು, ಆಪರೇಟರು ಹೇಳಿದ ಬಳಿಕ ಬಾಯಿ ತೆರೆಯಬೇಕಾಗಿತ್ತು. ಈ ಸೇವೆಯನ್ನು ನಡೆಸುತ್ತಿದ್ದ ಖಾಸಗಿ ಕಂಪೆನಿಯನ್ನು 1947ರಲ್ಲಿ ಸರ್ಕಾರವು ವಹಿಸಿಕೊಂಡಿತು. ಆ ಕಾಲದಲ್ಲಿ ಇಡೀ ದೇಶದಲ್ಲಿದ್ದ ಟೆಲಿಫೋನುಗಳು ಸುಮಾರು 80,000 ಮಾತ್ರ. ಪರದೇಶದೊಡನೆ ಮಾತೆಂಬುದು ಅಧಿಕಾರಿಗಳಿಗೂ ದೊಡ್ಡ ವರ್ತಕರಿಗೂ ಸೇರಿದ ಸಂಗತಿಯಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇತ್ತ ವಿಜ್ಞಾನವು ಸುಮ್ಮನೆ ಕುಳಿತಿರಲಿಲ್ಲ. 1956ರ ಸೆಪ್ಟೆಂಬರ್ 25ರಂದು ಸ್ಕಾಟ್ಲೆಂಡಿಗೂ ನ್ಯೂಫೌಂಡ್‌ಲೆಂಡಿಗೂ ನಡುವೆ ದನಿಯನ್ನು ಒಯ್ಯುವ ಮೊದಲ ಅಟ್ಲಾಂಟಿಕ್ ಕೇಬಲು ಕೆಲಸಕ್ಕೆ ತೊಡಗಿತು. ಹೋಗುವ ದನಿಗೆ ಒಂದು, ಬರುವ ದನಿಗೆ ಒಂದು ಎಂದು ಎರಡು ಕೇಬಲುಗಳು. ಒಂದೊಂದರಲ್ಲಿಯೂ ಸಮುದ್ರತಳದಲ್ಲಿ ಕುಳಿತು ದನಿಯನ್ನು ಎತ್ತಿ ಮುಂದಕ್ಕೆ ದಾಟಿಸುವ 51 ವರ್ಧಕ ಯಂತ್ರಗಳು. ಅವುಗಳಿಗೆ ಬೇಕಾದ ವಿದ್ಯುತ್ತು ದಡದಿಂದಲೇ ಹೋಗುತ್ತಿತ್ತು. 1978ರವರೆಗೆ ಆ ಕೇಬಲು ಸೇವೆಯಲ್ಲಿದ್ದಿತು. 1945ರಲ್ಲಿ ಆರ್ಥರ್ ಸಿ. ಕ್ಲಾರ್ಕನು ಬರೆದಿದ್ದ ಲೇಖನವೊಂದರ ಕಲ್ಪನೆಯು 1965ರಲ್ಲಿ ‘ಅರ್ಲಿ ಬರ್ಡ್’ ಉಪಗ್ರಹದಿಂದ ವಾಣಿಜ್ಯ ಸೇವೆಯಾಗಿ ಫಲಿಸಿತು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಇಂತಹ ಉಪಗ್ರಹವು ಭೂಮಿಯ ತಿರುಗುವಿಕೆಯೊಡನೆ ಸಮನಾಗಿ ಚಲಿಸುವುದರಿಂದ ಆಕಾಶದಲ್ಲಿ ನಿಂತಂತೆಯೇ ಕಾಣುತ್ತದೆ. ದನಿಯು ಅಲ್ಲಿಗೆ ಏರಿ ಇಳಿಯಲು ಕಾಲು ಸೆಕೆಂಡು, ಉತ್ತರವು ಹಿಂದಿರುಗಲು ಮತ್ತೆ ಕಾಲು ಸೆಕೆಂಡು ಬೇಕು. ಈ ಅರ್ಧ ಸೆಕೆಂಡಿನ ಮೌನವನ್ನು ತಿಳಿಯದೆ ಇಬ್ಬರೂ ಒಮ್ಮೆಗೇ ಮಾತಾಡಿ, ಇಬ್ಬರೂ ಒಮ್ಮೆಗೇ ನಿಲ್ಲಿಸುವುದು ಉಪಗ್ರಹದ ಕರೆಗಳ ಲಕ್ಷಣವಾಗಿದ್ದಿತು.

1971ರಲ್ಲಿ ಪುಣೆಯ ಬಳಿಯ ಆರ್ವಿಯಲ್ಲಿ, ವಿಕ್ರಮ್ ಸಾರಾಭಾಯಿಯವರ ಹೆಸರನ್ನು ಹೊತ್ತ ಉಪಗ್ರಹ ಭೂಕೇಂದ್ರವು ಕೆಲಸಮಾಡತೊಡಗಿತು. 1976ರಲ್ಲಿ ಲಂಡನ್ನಿಗೂ ಮುಂಬಯಿಗೂ ನಡುವೆ ಆಪರೇಟರ ನೆರವಿಲ್ಲದೆ ಚಂದಾದಾರನೇ ನೇರವಾಗಿ ಕರೆಯುವ ಐ.ಎಸ್.ಡಿ. ಪದ್ಧತಿಯೂ ಬಂದಿತು. ಇದಕ್ಕೆ ಬೇಕಾದ ದೇಶಾಂಕಗಳನ್ನು 1960ರ ದಶಕದಲ್ಲಿಯೇ ಅಂತರರಾಷ್ಟ್ರೀಯ ಸಂಸ್ಥೆಯು ಹಂಚಿದ್ದಿತು: ಬ್ರಿಟನ್ನಿಗೆ 44, ನಮಗೆ 91. ಪರದೇಶವನ್ನು ಕರೆಯುವಾಗ ನಮ್ಮಲ್ಲಿ ಮೊದಲು ಎರಡು ಸೊನ್ನೆ, ಬಳಿಕ ಆ ದೇಶದ ಅಂಕ, ಬಳಿಕ ಊರಿನದು, ಕಡೆಗೆ ಮನೆಯದು. ಭೂಮಂಡಲದ ಯಾವ ಮನೆಗಾದರೂ ಒಂದು ಅಂಕಮಾಲೆಯಿಂದ ವಿಳಾಸ ಹೇಳಬಹುದಾದುದು ಸಣ್ಣ ಸಾಧನೆಯಲ್ಲ.

ಇಷ್ಟಾದರೂ ಮನೆಗಳಿಗೆ ಮಾತು ಬಂದಿತೇ? ಕನ್ನಡ ಕರಾವಳಿಯ ದೃಷ್ಟಾಂತದಿಂದ ಇದಕ್ಕೆ ಉತ್ತರ ದೊರಕುತ್ತದೆ. 1973ರ ತರುವಾಯ ಎಣ್ಣೆಯ ಬೆಲೆಯೇರಿ ಪರ್ಷಿಯನ್ ಕೊಲ್ಲಿಯ ರಾಜ್ಯಗಳಲ್ಲಿ ಕಟ್ಟಡಗಳೂ ಕಾರ್ಖಾನೆಗಳೂ ಎದ್ದಾಗ, ಮಂಗಳೂರು, ಉಡುಪಿ, ಭಟ್ಕಳ ಪ್ರಾಂತಗಳಿಂದ ತರುಣರು ಗುಂಪುಗುಂಪಾಗಿ ಅತ್ತ ತೆರಳಿದರು. ಅವರ ಮನೆಮಾತು ತುಳು, ಕೊಂಕಣಿ, ಬ್ಯಾರಿ, ನವಾಯತಿ ಮೊದಲಾದುವು; ಕಾಗದ ಬರೆಯುವುದು ಬಹುಮಟ್ಟಿಗೆ ಮನೆಮಾತಲ್ಲದ ಮಾತಿನಲ್ಲಿ. ಓದು ಬಾರದ ತಾಯಿಯು ಮಗನ ಕಾಗದವನ್ನು ನೆರೆಯವರ ಹುಡುಗನಿಂದ ಓದಿಸಿ ಕೇಳಬೇಕು. ಉತ್ತರವನ್ನೂ ಅವನ ಕೈಯಿಂದಲೇ ಬರೆಸಬೇಕು. ಸೊಸೆಯು ಗಂಡನಿಗೆ ಹೇಳಬೇಕಾದುದು ಪರರ ಬಾಯಿಯಿಂದ ಬಂದು ಪರರ ಕೈಯಿಂದ ಹೋಗುತ್ತಿದ್ದುದರಿಂದ, ಹೇಳಬೇಕಾದುದರಲ್ಲಿ ಅರ್ಧವು ಹೇಳದೆಯೇ ಉಳಿಯುತ್ತಿತ್ತು. ತಂತಿಯು ಬಂದರೆ ಬರುತ್ತಿದ್ದುದು ಸಾವು ಅಥವಾ ಸಾವಿನ ಸಮೀಪದ ಸುದ್ದಿ. ಅಂಚೆಯ ಜವಾನನು ಅಂಗಳಕ್ಕೆ ಕಾಲಿಟ್ಟೊಡನೆ ಓದುವ ಮೊದಲೇ ಅಳು ಏಳುವುದು. ಕಾಗದದ ಈ ಕೊರತೆಯನ್ನು ಅರಿತೇ ಎಷ್ಟೋ ಮಂದಿ ತಮ್ಮ ದನಿಯನ್ನು ಕ್ಯಾಸೆಟ್ಟಿನಲ್ಲಿ ತುಂಬಿ, ಊರಿಗೆ ಹೊರಟವರ ಕೈಯಲ್ಲಿ ಕಳುಹಿಸುತ್ತಿದ್ದರು. ದನಿಯೇನೋ ಬಂದಿತು, ಮರುಮಾತು ಮಾತ್ರ ಇಲ್ಲ.

ದೂರವಾಣಿಗೆ ಲಿಪಿ ಬೇಡ, ಓದು ಬೇಡ, ನಡುವಣವನು ಬೇಡ. ಆದುದರಿಂದ ಅದರಿಂದ ಅತ್ಯಂತ ಹೆಚ್ಚಿನ ಪ್ರಯೋಜನ ಪಡೆಯಬೇಕಾದವಳು ಅಕ್ಷರವಿಲ್ಲದ ಆ ತಾಯಿಯೇ. ಆದರೆ ಅದು ಎಲ್ಲರಿಗಿಂತ ಕಡೆಗೆ ಸಿಕ್ಕಿದುದೂ ಅವಳಿಗೇ. ಇದಕ್ಕೆ ಕಾರಣವು ಸಮುದ್ರವಲ್ಲ. ದನಿಯು ಕೊಲ್ಲಿಯಿಂದ ಮುಂಬಯಿಯವರೆಗೆ ಬರುತ್ತಿತ್ತು. ಮುಂಬಯಿಯಿಂದ ಅವಳ ಜಗಲಿಯವರೆಗೆ ಬರಲು ದಾರಿಯಿರಲಿಲ್ಲ. ದೂರವಾಣಿಯು ಭೋಗವಸ್ತುವೆಂಬ ಭಾವನೆಯು ಆಳುವವರಲ್ಲಿ ಬಹುಕಾಲ ಬೇರೂರಿದ್ದಿತು. ಅರ್ಜಿ ಹಾಕಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಊರಿಗೊಂದು ಇದ್ದರೆ ಅದು ಅಂಗಡಿಯಲ್ಲಿಯೋ ಉಳ್ಳವರ ಮನೆಯಲ್ಲಿಯೋ ಇರುವುದು. ಆ ಸಂಖ್ಯೆಯನ್ನೇ ‘ಪಿ.ಪಿ. ನಂಬರು’ ಎಂದು ಹತ್ತು ಮನೆಯವರು ಬರೆದುಕೊಟ್ಟಿರುವರು. ಪರದೇಶದಿಂದ ಕರೆ ಬಂದರೆ ಹುಡುಗನೊಬ್ಬನು ಗದ್ದೆಯ ಬದುವಿನ ಮೇಲೆ ಓಡಿ ತಿಳಿಸಬೇಕು. ಅಲ್ಲಿಯವರೆಗೆ ಆತನು ಇಟ್ಟುಬಿಟ್ಟು ಹತ್ತು ನಿಮಿಷದ ಮೇಲೆ ಮತ್ತೆ ಕರೆಯಬೇಕು. ಕರೆಯು ಬಹುಶಃ ಅಲ್ಲಿಯ ರಜಾದಿನವಾದ ಶುಕ್ರವಾರವೇ ಬರುವುದೆಂದು ಆ ದಿನ ಮನೆಯವರು ದೂರ ಹೋಗುತ್ತಿರಲಿಲ್ಲ.

ಈ ಕಟ್ಟನ್ನು ಬಿಡಿಸಿದುದು ಸಮುದ್ರದ ಉದ್ದನೆಯ ಕೇಬಲಿಗಿಂತ ಹೆಚ್ಚಾಗಿ ಬೀದಿಯ ಗಿಡ್ಡ ತಂತಿ. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು, ಸ್ಯಾಂ ಪಿತ್ರೋಡಾ ಅವರ ಪ್ರೇರಣೆಯಿಂದ, ನಮ್ಮ ಹಳ್ಳಿಗಳ ಸೆಕೆಗೂ ಧೂಳಿಗೂ ತಡೆಯುವ ಸಣ್ಣ ಎಕ್ಸ್‌ಚೇಂಜುಗಳನ್ನು ನಿರ್ಮಿಸಿತು. ಅದೇ ದಶಕದಿಂದ ಪೇಟೆಗಳಲ್ಲಿಯೂ ಬಳಿಕ ಹಳ್ಳಿಗಳಲ್ಲಿಯೂ ಹಳದಿಯ ಹಲಗೆಯ ಮೇಲೆ ಕಪ್ಪಕ್ಷರ ಬರೆದ ಎಸ್.ಟಿ.ಡಿ., ಐ.ಎಸ್.ಡಿ. ಬೂತುಗಳು ತೆರೆದುವು. ಗಾಜಿನ ಗೂಡು, ಓಡುವ ಮೀಟರು, ಮಾತು ಮುಗಿದೊಡನೆ ಅಚ್ಚಾಗಿ ಬರುವ ಚೀಟಿ ಇವಿಷ್ಟೇ ಅದರ ಸಲಕರಣೆ. ಟೆಲಿಫೋನನ್ನು ಹೊಂದದವನೂ ಟೆಲಿಫೋನಿನಲ್ಲಿ ಮಾತನಾಡಬಹುದೆಂಬ ಸರಳ ವಿಚಾರವು ಹೀಗೆ ಕೈಗೂಡಿತು. 1933ರಲ್ಲಿ ಸಮುದ್ರವನ್ನು ದಾಟಿದ ದನಿಗೆ ಬೀದಿಯನ್ನು ದಾಟಲು ಅರ್ಧಶತಮಾನವು ಬೇಕಾಯಿತು.

ಆದರೂ ಬೆಲೆಯ ತಡೆಯೊಂದು ಉಳಿದಿದ್ದಿತು. ಗೂಡಿನೊಳಗೆ ನಿಂತವರ ದೃಷ್ಟಿಯು ಮೀಟರಿನ ಮೇಲೆಯೇ. ಕ್ಷೇಮವೇ, ಹಣ ಬಂದಿತೇ, ಮಗುವಿಗೆ ಜ್ವರ ಬಿಟ್ಟಿತೇ ಎನ್ನುವಷ್ಟರಲ್ಲಿ ಮಾತು ಮುಗಿಯಬೇಕು. ಈ ಬೆಲೆಗೆ ಯಂತ್ರದ ವೆಚ್ಚವೊಂದೇ ಕಾರಣವಲ್ಲ. ಕರೆ ಹೊರಡುವ ದೇಶವು ಕರೆ ತಲಪುವ ದೇಶಕ್ಕೆ ನಿಮಿಷಕ್ಕೆ ಇಷ್ಟೆಂದು ಗೊತ್ತುಮಾಡಿದ ಪಾಲನ್ನು ಕೊಡಬೇಕೆಂಬ ಏರ್ಪಾಡಿದ್ದಿತು. ಎರಡು ಕಡೆಯೂ ಸೇವೆಯು ಏಕಸ್ವಾಮ್ಯದಲ್ಲಿದ್ದುದರಿಂದ, ಕೇಬಲುಗಳೂ ಉಪಗ್ರಹಗಳೂ ವೆಚ್ಚವನ್ನು ತಗ್ಗಿಸಿದಷ್ಟು ಬೇಗನೆ ಈ ಪಾಲು ತಗ್ಗಲಿಲ್ಲ. ಹೋಗುವ ಕರೆಗಳಿಗಿಂತ ಬರುವ ಕರೆಗಳು ಹೆಚ್ಚಾಗಿದ್ದ ನಮ್ಮ ದೇಶಕ್ಕೆ ಇದರಿಂದ ವಿದೇಶೀ ವಿನಿಮಯವು ದೊರೆಯುತ್ತಿತ್ತು. ಅರ್ಥಶಾಸ್ತ್ರದ ದೃಷ್ಟಿಯಿಂದ ಇದನ್ನು ಲಾಭವೆನ್ನಬಹುದು. ಆದರೆ ಆ ಲಾಭದ ಒಂದು ಭಾಗವು ಕೂಲಿಯ ಮಗನು ತಾಯಿಯ ದನಿಗಾಗಿ ತೆತ್ತ ತೆರಿಗೆ ಎಂಬುದನ್ನೂ ಹೇಳಬೇಕಾಗುತ್ತದೆ.

ಮುಂದಿನ ಸಂಗತಿಗಳು ಬಹುಮಂದಿಗೆ ತಿಳಿದುವೇ. 1994ರಲ್ಲಿ ಬೆಳಕಿನ ಎಳೆಗಳ ಸಮುದ್ರ ಕೇಬಲು ಮುಂಬಯಿಯನ್ನು ಮುಟ್ಟಿತು. 2002ರ ಏಪ್ರಿಲ್ ತಿಂಗಳಿಂದ ಪರದೇಶದ ಕರೆಗಳ ಏಕಸ್ವಾಮ್ಯವು ಮುಗಿದು, ಇಂಟರ್ನೆಟ್ಟಿನ ಮೂಲಕ ಮಾತಿಗೂ ಅನುಮತಿ ದೊರೆಯಿತು, ದರಗಳು ಕುಸಿದುವು. 2003ರಲ್ಲಿ ಸ್ಕೈಪ್ ಬಂದಿತು, 2015ರಲ್ಲಿ ವಾಟ್ಸಾಪ್ ದನಿಯ ಕರೆಗಳನ್ನು ತೊಡಗಿತು. ಆಗಲೂ ಯಂತ್ರಕ್ಕೂ ಮನೆಗೂ ನಡುವೆ ಅಪ್ಪಣೆಯೆಂಬುದು ನಿಂತಿದ್ದುದುಂಟು. ಸೌದಿ ಅರೇಬಿಯವು ಇಂಟರ್ನೆಟ್ ಕರೆಗಳ ಮೇಲಣ ನಿಷೇಧವನ್ನು ತೆಗೆದುದು 2017ರಲ್ಲಿ. ನಮ್ಮ ತಂತಿಯ ಸೇವೆಯು 2013ರ ಜುಲೈಯಲ್ಲಿ ನಿಂತಿತು. ಹಳದಿಯ ಬೂತುಗಳು ಒಂದೊಂದಾಗಿ ಮುಚ್ಚಿದುವು.

ಮಾತು ಅಗ್ಗವಾದಮೇಲೆ ಅದರ ಬೆಲೆಯೂ ಇಳಿಯಿತೆಂದು, ಮೂರು ನಿಮಿಷದ ಮಾತಿನಲ್ಲಿದ್ದ ಸಾರವು ಮೂರು ಗಂಟೆಯ ಮಾತಿನಲ್ಲಿಲ್ಲವೆಂದು ಹೇಳುವವರುಂಟು. ಈ ಆಕ್ಷೇಪವು ಪೂರ್ಣವಾಗಿ ಒಪ್ಪತಕ್ಕುದಲ್ಲ. ಒಂದೇ ಮನೆಯಲ್ಲಿರುವ ತಾಯಿಮಕ್ಕಳು ಆಡುವ ಮಾತಿನಲ್ಲಿ ಬಹುಭಾಗವು ಸಾರವಿಲ್ಲದುದೇ: ಮಳೆ ಬಂದಿತು, ಹಸು ಈದಿತು, ಸಾರಿಗೆ ಉಪ್ಪು ಹೆಚ್ಚಾಯಿತು. ಇಂತಹ ನಿಸ್ಸಾರವಾದ ಮಾತನ್ನು ಲೆಕ್ಕವಿಡದೆ ಆಡಬಹುದಾದುದೇ ಮನೆಯ ಲಕ್ಷಣ. ಮೀಟರಿನ ಮುಂದೆ ನಿಂತವರಿಗೆ ಇಲ್ಲದಿದ್ದುದು ಈ ಸೌಖ್ಯ. ಆದುದರಿಂದ ಯಂತ್ರಗಳ ಚರಿತ್ರೆಯನ್ನು ಬರೆಯುವವರು ಎರಡು ತೇದಿಗಳನ್ನು ಗುರುತಿಸಬೇಕು: ಕೆಲಸವು ಸಾಧ್ಯವಾದುದು ಎಂದು, ಮತ್ತು ಅದರ ಅಗತ್ಯವು ಎಲ್ಲರಿಗಿಂತ ಹೆಚ್ಚಾಗಿದ್ದವರಿಗೆ ಅದು ಸಿಕ್ಕಿದುದು ಎಂದು. ಮೊದಲನೆಯದು ಶಿಲಾಫಲಕಗಳಲ್ಲಿಯೂ ಸರ್ಕಾರದ ದಾಖಲೆಗಳಲ್ಲಿಯೂ ಉಳಿಯುತ್ತದೆ. ಎರಡನೆಯದು ಆ ತಾಯಂದಿರ ನೆನಪಿನಲ್ಲಿ ಮಾತ್ರ ಉಳಿದಿದೆ. ಅವರಿರುವಾಗಲೇ ಅದನ್ನು ಕೇಳಿ ಬರೆದುಕೊಳ್ಳುವುದು ಲೇಸು.