ಕಿಳಕ್ಕೇಕೋಟದ ಸುತ್ತುದಾರಿ

ಅಂಬಲಮುಗಳ್‌ಗೆ ವರ್ಗವಾಗಿ ಬಂದು ನಾಲ್ಕು ವರ್ಷಗಳಾದವು. ಮಲಯಾಳದಲ್ಲಿ ‘ಅಂಬಲ’ವೆಂದರೆ ದೇವಸ್ಥಾನ, ‘ಮುಗಳ್’ ಎಂದರೆ ಮೇಲುಭಾಗ. ಆದರೆ ಹೊಸದಾಗಿ ಬಂದವನ ಕಣ್ಣಿಗೆ ಇಲ್ಲಿ ಮೊದಲು ಬೀಳುವುದು ಗುಡ್ಡದ ಮೇಲಿನ ಗುಡಿಯಲ್ಲ, 1966ರಲ್ಲಿ ಆರಂಭವಾದ ತೈಲ ಶುದ್ಧೀಕರಣಾಗಾರದ ಕೊಳವೆಗಳು ಮತ್ತು ಇರುಳೆಲ್ಲ ಉರಿಯುವ ಅದರ ಜ್ವಾಲೆ. ಕಾರ್ಖಾನೆಗಳ ಊರಿಗೆ ಚರಿತ್ರೆ ಇರುವುದಿಲ್ಲವೆಂಬ ಒಂದು ತಪ್ಪು ತಿಳಿವಳಿಕೆಯೊಂದಿಗೆ ನಾನು ಇಲ್ಲಿ ಮೊದಲ ವರ್ಷವನ್ನು ಕಳೆದೆ. ಇಂಗ್ಲಿಷ್ ಎಂ.ಎ. ಓದುವಾಗ ಡಿಕೆನ್ಸನ ಕಾದಂಬರಿಗಳಿಂದ ಲಂಡನ್ನಿನ ಬೀದಿಗಳ ಹೆಸರನ್ನು ಕಂಠಪಾಠ ಮಾಡಿಕೊಂಡಿದ್ದ ನನಗೆ, ದಿನವೂ ಬಸ್ಸು ನಿಲ್ಲುವ ತಾಣಗಳ ಹೆಸರಿನ ಅರ್ಥವೇನೆಂದು ಕೇಳಬೇಕೆನಿಸಿರಲಿಲ್ಲ.

ಆ ಆಲಸ್ಯವನ್ನು ಕಳೆದದ್ದು ಕಾಲ್ನಡಿಗೆ. ವೈದ್ಯರ ಸಲಹೆಯಂತೆ ಭಾನುವಾರದ ಬೆಳಿಗ್ಗೆ ನಡೆಯಲಾರಂಭಿಸಿದೆ. ಬಸ್ಸಿನಲ್ಲಿ ಕರಿಂಗಾಚಿರದವರೆಗೆ ಬಂದು ಅಲ್ಲಿಂದ ತೃಪ್ಪೂಣಿತ್ತುರ ಪಟ್ಟಣದೊಳಕ್ಕೆ ನಡೆಯುವುದು ರೂಢಿಯಾಯಿತು. ತೃಪ್ಪೂಣಿತ್ತುರ ಕೊಚ್ಚಿ ಅರಸುಮನೆತನದ ಊರು. ಮೆಟ್ರೋ ರೈಲು ಬಂದು ಕೊಚ್ಚಿ ಮಹಾನಗರಕ್ಕೆ ಅಂಟಿಕೊಂಡಿದ್ದರೂ ಗುಣದಲ್ಲಿ ಅದು ಇನ್ನೂ ಒಂದು ಸಣ್ಣ ಪಟ್ಟಣವೇ.

ಕರಿಂಗಾಚಿರದಲ್ಲಿ ಸಿರಿಯನ್ ಕ್ರೈಸ್ತರ ಹಳೆಯ ಇಗರ್ಜಿಯಿದೆ. ಕ್ರಿ.ಶ. 722ರಲ್ಲಿ ಸ್ಥಾಪನೆಯಾಯಿತೆಂಬುದು ಅಲ್ಲಿನವರ ನಂಬಿಕೆ. ಅಲ್ಲಿಂದ ಪಟ್ಟಣದತ್ತ ಸಾಗಿದರೆ ಹಿಲ್ ಪ್ಯಾಲೆಸ್. 1865ರಲ್ಲಿ ಕಟ್ಟಲಾರಂಭಿಸಿದ ಈ ಅರಮನೆ ಈಗ ವಸ್ತುಸಂಗ್ರಹಾಲಯ. ಕನ್ನಡಿಗರಿಗೆ ಇದು ಅಪರಿಚಿತವೇನಲ್ಲ: ನಮ್ಮ ‘ಆಪ್ತಮಿತ್ರ’ದ ಮೂಲವಾದ 1993ರ ‘ಮಣಿಚಿತ್ರತ್ತಾಳ್’ ಚಿತ್ರೀಕರಣಗೊಂಡ ತಾಣಗಳಲ್ಲಿ ಇದೂ ಒಂದು. ಪ್ರವಾಸಿಗರು ನಾಗವಲ್ಲಿಯ ಕೋಣೆ ಯಾವುದೆಂದು ಹುಡುಕುತ್ತಾರೆ. ಒಳಗೆ ಪೋರ್ಚುಗೀಸರು ಕೊಚ್ಚಿ ಅರಸರಿಗೆ ಕೊಟ್ಟರೆನ್ನಲಾದ ಚಿನ್ನದ ಕಿರೀಟವಿದೆ. ಅರಸರು ಅದನ್ನು ತಲೆಗೆ ಧರಿಸುತ್ತಿರಲಿಲ್ಲ, ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರೆಂದು ಹೇಳುತ್ತಾರೆ. ಕಳೆದುಹೋದ ಪೂರ್ವಜರ ನೆಲವನ್ನು ಮರಳಿ ಪಡೆಯುವವರೆಗೆ ಕಿರೀಟ ತೊಡುವುದಿಲ್ಲವೆಂಬ ಪ್ರತಿಜ್ಞೆ ಅದರ ಹಿಂದಿನ ಕತೆ.

ಅರಮನೆಯಿಂದ ಮುಂದೆ ‘ಕಿಳಕ್ಕೇಕೋಟ’, ಅಂದರೆ ಮೂಡಣ ಕೋಟೆ. ಬಡಗಣ ಕೋಟೆಯಾದ ‘ವಡಕ್ಕೇಕೋಟ’ 2022ರಿಂದ ಮೆಟ್ರೋ ನಿಲ್ದಾಣದ ಹೆಸರೂ ಆಗಿದೆ. ಈ ಕೋಟೆಯ ಆವರಣದ ನಡುವೆ ಪೂರ್ಣತ್ರಯೀಶ ದೇವಸ್ಥಾನ. ಇಲ್ಲಿ ವಿಷ್ಣು ಮಲಗಿಲ್ಲ. ಅನಂತನ ಹೆಡೆಯ ನೆರಳಿನಲ್ಲಿ ಕುಳಿತಿದ್ದಾನೆ. 1920ರಲ್ಲಿ ಗರ್ಭಗುಡಿ ಬೆಂಕಿಗೆ ಆಹುತಿಯಾದಾಗ ಅದನ್ನು ಆ ಕಾಲಕ್ಕೆ ಹೊಸತಾಗಿದ್ದ ಕಾಂಕ್ರೀಟಿನಲ್ಲಿ ಕಟ್ಟಿ, ಹೊರಗೆ ಸಂಪ್ರದಾಯದ ರೂಪ ಕೊಟ್ಟರು.

ಈ ದೇವಸ್ಥಾನದ ಬಗ್ಗೆ ಇಲ್ಲಿನವರು ಅಭಿಮಾನದಿಂದ ಹೇಳುವ ಪ್ರಸಂಗವೊಂದಿದೆ. 1895ರಿಂದ 1914ರವರೆಗೆ ಆಳಿದ ರಾಮವರ್ಮ ಮಹಾರಾಜರನ್ನು ಜನ ‘ರಾಜರ್ಷಿ’ ಎಂದು ಕರೆಯುತ್ತಾರೆ. ಶೊರನೂರಿನಿಂದ ಎರ್ನಾಕುಲಂಗೆ ರೈಲುಮಾರ್ಗ ತರಲು ಹಣ ಸಾಲದಾದಾಗ ಅವರು ಪೂರ್ಣತ್ರಯೀಶನ ಉತ್ಸವದ ಆನೆಗಳ 15 ಚಿನ್ನದ ನೆತ್ತಿಪಟ್ಟಗಳಲ್ಲಿ 14ನ್ನು ಮಾರಿದರಂತೆ. 1902ರಲ್ಲಿ ರೈಲು ಬಂತು. ದೇವರ ಚಿನ್ನವನ್ನು ಜನರ ದಾರಿಯಾಗಿ ಕರಗಿಸಿದ ಅರಸನ ಈ ಕತೆ ನನಗೂ ಬಹಳ ಹಿಡಿಸಿತು.

ಮೂರನೆಯ ವರ್ಷ ‘ಅತ್ತಚ್ಚಮಯಂ’ ನೋಡಿದೆ. ಸಿಂಹಮಾಸದ ಹಸ್ತಾ ನಕ್ಷತ್ರದ ದಿನ, ತಿರುವೋಣಕ್ಕೆ ಮೊದಲು, ಕೊಚ್ಚಿಯ ಅರಸ ಸರ್ವಾಲಂಕಾರದಿಂದ ಮೆರವಣಿಗೆ ಹೊರಡುತ್ತಿದ್ದ ಹಬ್ಬವಿದು. 1949ರ ಜುಲೈನಲ್ಲಿ ತಿರುವಿದಾಂಕೂರು ಮತ್ತು ಕೊಚ್ಚಿ ಒಂದಾದಾಗ ನಿಂತುಹೋದದ್ದು 1961ರಲ್ಲಿ ಜನರ ಹಬ್ಬವಾಗಿ ಮರಳಿತು. ಈಗ ಅರಸನಿಲ್ಲ, ಹಿಲ್ ಪ್ಯಾಲೆಸ್‌ನಲ್ಲಿ ಪಡೆದುಕೊಂಡ ಧ್ವಜವಿದೆ, ಹುಲಿವೇಷ, ತೆಯ್ಯಂ, ಸ್ತಬ್ಧಚಿತ್ರಗಳಿವೆ, ಶಾಲೆಯ ಮಕ್ಕಳಿದ್ದಾರೆ. ಅರಸರ ಕಾಲದಲ್ಲಿ ಮೂವರಿಗೆ ಅದರಲ್ಲಿ ವಿಶೇಷ ಮರ್ಯಾದೆ ಸಲ್ಲುತ್ತಿತ್ತು: ನೆಟ್ಟೂರಿನ ತಂಙಳ್, ಕರಿಂಗಾಚಿರದ ಕತ್ತನಾರ್, ಚೆಂಬಿನ ಅರಯನ್. ಒಬ್ಬರು ಮುಸ್ಲಿಂ ಗುರು, ಒಬ್ಬರು ಕ್ರೈಸ್ತ ಪಾದ್ರಿ, ಮತ್ತೊಬ್ಬರು ಮೀನುಗಾರ ಸಮುದಾಯದ ಮುಖ್ಯಸ್ಥರು.

ಈ ಊರಿನ ಔದಾರ್ಯದ ಬಗ್ಗೆ ಒಂದು ಲೇಖನ ಬರೆಯುವುದೆಂದು ಅಂದೇ ನಿಶ್ಚಯಿಸಿದ್ದೆ. ಅದು ಬರೆಯಲಾಗದೆ ಉಳಿದದ್ದಕ್ಕೆ ಕಾರಣ ಕಿಳಕ್ಕೇಕೋಟದ ಬಳಿಯ ಒಂದು ಚಹಾದಂಗಡಿ. ಅಲ್ಲಿ ಪರಿಚಯವಾದ, ಕಾರ್ಖಾನೆಯೊಂದರಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ನನ್ನ ಮುರುಕು ಮಲಯಾಳದಲ್ಲಿ ನನ್ನ ನಡಿಗೆಯ ದಾರಿಯನ್ನು ವಿವರಿಸಿದೆ. ಅವರು ಲೋಟ ಕೆಳಗಿಟ್ಟು ಹೇಳಿದರು: “ಸಾರ್ ನಡೆಯುವ ದಾರಿ ಚೆನ್ನಾಗಿದೆ. ನಮ್ಮಜ್ಜ ಈ ಕೋಟೆಯೊಳಗೆ ಬರುತ್ತಿರಲಿಲ್ಲ. ಗದ್ದೆಯ ಬದುವಿನ ಮೇಲೆ ಸುತ್ತು ಹಾಕಿ ಆಚೆ ಹೋಗುತ್ತಿದ್ದರು. ಕೈಯಲ್ಲಿ ಹೊರೆಯಿದ್ದರೂ, ಮಳೆಯಿದ್ದರೂ ಅಷ್ಟೇ.” ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ಕೇಳಿದವನಿಗೆ ದಾರಿ ಹೇಳಿದಂತಿತ್ತು.

ಅಂದಿನಿಂದ ನನ್ನ ಓದಿನ ದಿಕ್ಕು ಬದಲಾಯಿತು. ಕೇರಳದಲ್ಲಿ ಅಸ್ಪೃಶ್ಯತೆ ಮುಟ್ಟುವುದಕ್ಕೆ ಮಾತ್ರ ಸಂಬಂಧಿಸಿದ್ದಲ್ಲ, ದೂರಕ್ಕೂ ಸಂಬಂಧಿಸಿದ್ದು. ಯಾವ ಜಾತಿಯವನು ಎಷ್ಟು ದೂರ ನಿಲ್ಲಬೇಕೆಂಬ ಲೆಕ್ಕವಿತ್ತು. ಹಾಗಾಗಿ ಇಲ್ಲಿನ ಸಮಾಜಸುಧಾರಣೆಯ ಚರಿತ್ರೆ ಬಹುಪಾಲು ರಸ್ತೆಗಳ ಚರಿತ್ರೆ. 1913ರಲ್ಲಿ ಪಂಡಿತ್ ಕರುಪ್ಪನ್ ಅವರ ನೇತೃತ್ವದಲ್ಲಿ ಪುಲಯರು ಸಭೆ ಸೇರಬೇಕೆಂದಾಗ ಎರ್ನಾಕುಲಂನ ನೆಲದ ಮೇಲೆ ಅವರಿಗೆ ಜಾಗವಿರಲಿಲ್ಲ. ಅವರು ಹಿನ್ನೀರಿನಲ್ಲಿ ದೋಣಿಗಳನ್ನು ಒಂದಕ್ಕೊಂದು ಕಟ್ಟಿ ಅದರ ಮೇಲೆ ಸಭೆ ನಡೆಸಿದರು. ‘ಕಾಯಲ್ ಸಮ್ಮೇಳನ’ವೆಂದು ಅದು ಪ್ರಸಿದ್ಧ. ಆ ವರ್ಷ ರಾಜರ್ಷಿಗಳೇ ಸಿಂಹಾಸನದಲ್ಲಿದ್ದರು. ರೈಲು ಬಂದು ಹನ್ನೊಂದು ವರ್ಷಗಳಾಗಿದ್ದವು.

ತೃಪ್ಪೂಣಿತ್ತುರದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ ವೈಕಂ ಆಗ ತಿರುವಿದಾಂಕೂರಿಗೆ ಸೇರಿತ್ತು. ಅಲ್ಲಿ 1924ರ ಮಾರ್ಚ್ 30ರಂದು ಆರಂಭವಾದ ಸತ್ಯಾಗ್ರಹ ದೇವಸ್ಥಾನದ ಒಳಗೆ ಹೋಗಲು ನಡೆದದ್ದಲ್ಲ. ಸುತ್ತಲಿನ ರಸ್ತೆಯಲ್ಲಿ ನಡೆಯಲು ನಡೆದದ್ದು. 1925ರ ಮಾರ್ಚ್‌ನಲ್ಲಿ ಗಾಂಧೀಜಿ ವೈಕಂಗೆ ಹೋದದ್ದು ಎರ್ನಾಕುಲಂನಲ್ಲಿ ರೈಲಿಳಿದು. ಆನೆಗಳ ಚಿನ್ನದಿಂದ ಬಂದ ರೈಲು ಆ ಮಟ್ಟಿಗೆ ದಾರಿ ಕೇಳುವವರ ಕೆಲಸಕ್ಕೂ ಬಂತು. ಆ ವರ್ಷದ ಕೊನೆಗೆ ರಾಜಿಯಾದಾಗಲೂ ಮೂಡಣ ಬೀದಿಯ ಒಂದು ಭಾಗ ಎಲ್ಲರಿಗೂ ತೆರೆಯಲಿಲ್ಲ.

ತಿರುವಿದಾಂಕೂರಿನಲ್ಲಿ 1936ರ ನವೆಂಬರ್ 12ರಂದು ದೇವಸ್ಥಾನಪ್ರವೇಶದ ಘೋಷಣೆಯಾಯಿತು. ಕೊಚ್ಚಿ ಅದನ್ನು ಅನುಸರಿಸಲಿಲ್ಲ. ಇಲ್ಲಿ ಬಾಗಿಲು ತೆರೆಯುವ ಕಾನೂನು ಬಂದದ್ದು 1947ರ ಡಿಸೆಂಬರ್‌ನಲ್ಲಿ, ದೇಶ ಸ್ವತಂತ್ರವಾಗಿ ನಾಲ್ಕು ತಿಂಗಳಾದ ಮೇಲೆ. ಅದೇ ತಿಂಗಳು ಚೇಂದಮಂಗಲದಲ್ಲಿ, ಕೊಚ್ಚಿಯ ಪರಂಪರಾಗತ ಮಂತ್ರಿಗಳಾಗಿದ್ದ ಪಾಲಿಯಂ ಮನೆತನದ ಮುಂದಿನ ರಸ್ತೆಯಲ್ಲಿ ಎಲ್ಲರೂ ನಡೆಯುವಂತಾಗಬೇಕೆಂದು ಸತ್ಯಾಗ್ರಹ ಆರಂಭವಾಗಿತ್ತು. ಮರುವರ್ಷದ ಮಾರ್ಚ್‌ನಲ್ಲಿ ಪೊಲೀಸರ ಪೆಟ್ಟಿನಿಂದ ಎ.ಜಿ. ವೇಲಾಯುಧನ್ ಪ್ರಾಣ ಬಿಟ್ಟರು. ನಡೆಯುವುದಕ್ಕಾಗಿ ಒಬ್ಬ ಮನುಷ್ಯ ಸತ್ತದ್ದು ನಮ್ಮ ಹೆತ್ತವರ ಕಾಲದಲ್ಲಿ.

ಇಷ್ಟನ್ನು ತಿಳಿದ ಮೇಲೆ ಅತ್ತಚ್ಚಮಯಂನ ಆ ಮೂವರನ್ನು ಮತ್ತೆ ನೆನೆದೆ. ಆ ಪಟ್ಟಿಯಲ್ಲಿ ಪುಲಯರಿಲ್ಲ. ಅರಯರ ಮುಖ್ಯಸ್ಥರಿಗೆ ಮರ್ಯಾದೆ ಸಿಕ್ಕಿತೆಂದು ಉಳಿದ ಅರಯರ ಪಾಲಿಗೆ ದೇವಸ್ಥಾನದ ಬೀದಿಗಳು ತೆರೆದುಕೊಂಡದ್ದೂ ಅಲ್ಲ. ಹಾಗೆಂದು ಆ ಸಂಪ್ರದಾಯ ಬರಿಯ ತೋರಿಕೆಯೆಂದು ನಾನು ಹೇಳಲಾರೆ. ಬೇರೆ ಮತದವರನ್ನು ಗೌರವದಿಂದ ಕಂಡದ್ದು ನಿಜ, ಅದರ ನೆನಪೇ ಇಂದಿನ ಹಬ್ಬಕ್ಕೆ ಬಲ. ಆದರೆ ಹಬ್ಬದ ದಿನ ಸಿಗುವ ಮರ್ಯಾದೆ ಬೇರೆ, ದಿನನಿತ್ಯ ಇರುವ ಹಕ್ಕು ಬೇರೆ. ಮೊದಲನೆಯದನ್ನು ಅರಸ ಕೊಡುತ್ತಾನೆ, ಮರುದಿನ ಹಿಂದಕ್ಕೂ ಪಡೆಯಬಹುದು. ಎರಡನೆಯದು ಕಾನೂನಾಗಿ ಬರೆಯಲ್ಪಡಬೇಕು. ನಮ್ಮ ಸಂವಿಧಾನದ 15ನೆಯ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ‘ರಸ್ತೆ’ ಎಂಬ ಪದವೂ ಇದೆ. ಸೇವೆಗೆ ಸೇರುವ ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡಿದ್ದಾಗ ಆ ಪದ ಅಲ್ಲಿ ಏಕಿದೆಯೆಂದು ಯೋಚಿಸಿರಲಿಲ್ಲ. ಸಂವಿಧಾನ ಸಭೆಯಲ್ಲಿದ್ದ ಏಕೈಕ ದಲಿತ ಮಹಿಳೆ ದಾಕ್ಷಾಯಣಿ ವೇಲಾಯುಧನ್ ಇದೇ ಕೊಚ್ಚಿಯ ಮುಳವುಕಾಡ್ ದ್ವೀಪದ ಪುಲಯ ಕುಟುಂಬದವರು. ದೋಣಿಗಳ ಮೇಲೆ ಸಭೆ ಸೇರಿದುದಕ್ಕೆ ಹಿಂದಿನ ವರ್ಷ, 1912ರಲ್ಲಿ ಹುಟ್ಟಿದವರು.

ಕೊಚ್ಚಿಯವರ ಲೋಪವನ್ನು ಎಣಿಸಲು ಮಂಡ್ಯ ಜಿಲ್ಲೆಯವನಾದ ನನಗೆ ಅಧಿಕಾರವಿಲ್ಲ. ನಮ್ಮ ಮೇಲುಕೋಟೆಯಲ್ಲಿ ತಿರುಕುಲದವರಿಗೆ ವರ್ಷಕ್ಕೆ ಮೂರು ದಿನ ಚೆಲುವನಾರಾಯಣನ ಗುಡಿಯೊಳಗೆ ಪ್ರವೇಶವಿತ್ತು. ಅದು ರಾಮಾನುಜಾಚಾರ್ಯರು ಕೊಟ್ಟ ಹಕ್ಕೆಂದು ಬಾಲ್ಯದಲ್ಲಿ ಹೆಮ್ಮೆಯಿಂದ ಕೇಳಿದ್ದೆ. ಆ ಕಾಲಕ್ಕೆ ಅದು ದೊಡ್ಡ ಮಾತೇ. ಆದರೆ ಉಳಿದ ಮುನ್ನೂರ ಅರವತ್ತೆರಡು ದಿನಗಳ ಬಗ್ಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಳೆದ ದಸರೆಯ ರಜೆಯಲ್ಲಿ ಊರಿಗೆ ಹೋದಾಗ ಅಮ್ಮನನ್ನು ಕೇಳಿದೆ: “ಅಮ್ಮಾ, ನಮ್ಮ ಗದ್ದೆ ಕೆಲಸಕ್ಕೆ ಬರುತ್ತಿದ್ದವರು ನಮ್ಮ ಬೀದಿಯಲ್ಲಿ ನಡೆದು ಬರುತ್ತಿದ್ದರಾ?” ಅಮ್ಮ ಹೂ ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ. “ಇಲ್ಲಪ್ಪ. ಹಿತ್ತಲ ಓಣಿಯಲ್ಲಿ ಬರೋರು. ಆಗ ಹಂಗೇ ಇತ್ತು” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಿಮ್ಮ ತಾತ ಹಂಗೇ ಇರಲಿ ಅಂದಿದ್ರು” ಎಂದೂ ಸೇರಿಸಿದರು.

ಸಂಜೆ ಹಿತ್ತಲ ಬಾಗಿಲು ತೆಗೆದು ಆ ಓಣಿಗೆ ಇಳಿದೆ. ನಾನು ಹುಟ್ಟಿ ಬೆಳೆದ ಮನೆಯ ಹಿಂದೆಯೇ ಇದ್ದ ಆ ದಾರಿಯಲ್ಲಿ ಒಮ್ಮೆಯೂ ಕೊನೆಯವರೆಗೆ ನಡೆದಿರಲಿಲ್ಲ. ಲಂಟಾನ ಬೆಳೆದು ಅರ್ಧ ಮುಚ್ಚಿದೆ. ಆದರೂ ಒಂದು ಕಡೆ, ಕಾಲುವೆ ದಾಟುವಲ್ಲಿ, ಹಾಸಿದ ಕಲ್ಲುಗಳು ನಡುವೆ ಸವೆದು ತಗ್ಗಾಗಿರುವುದು ಕಾಣುತ್ತಿತ್ತು. ಓಣಿ ನಮ್ಮ ಗದ್ದೆಯನ್ನು ತಲುಪಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಮುಂದಿನ ಬೀದಿಯಿಂದ ಮನೆಗೆ ಹಿಂದಿರುಗಲು ಒಂಬತ್ತೇ ನಿಮಿಷ.